ಬಿಳಿ ಬಳಿದ ಮುಖದ ಹುಡುಗ: ‘ದೆನ್‌ಎನ್ ನಿ ಶಿಸು’ ರೆಕಾರ್ಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ರೆಕಾರ್ಡನ್ನು ಯಾರ ಮುಂದೆ ಹಾಕಿದರೂ ಎರಡನೇ ಹಾಡು ಮುಗಿಯುವುದರೊಳಗೆ ಪ್ರಶ್ನೆಗಳು ಶುರುವಾಗುತ್ತವೆ. ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವೇ ಆಗಿಬಿಟ್ಟಿದೆ. ಒಂದು ಕಡೆ ಬರೆದಿಟ್ಟರೆ ಗಂಟಲಿಗಾದರೂ ಬಿಡುವು ಸಿಗುತ್ತದೆ ಎಂದು ಕೂತೆ. ಜನ ಕೇಳಿದ ಧಾಟಿಯಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

ಇದೇನು, ಭಜನೆಯೋ ರಾಕ್ ಸಂಗೀತವೋ?

ಎರಡೂ ಹೌದು. ನಡುನಡುವೆ ಮಕ್ಕಳಾಟದ ಹಾಡೂ ಹೌದು. ಇದು 1974ರ ಜಪಾನೀ ಸಿನಿಮಾ ‘ದೆನ್‌ಎನ್ ನಿ ಶಿಸು’ವಿನ ಸಂಗೀತದ ಎಲ್‌ಪಿ. ಸಿನಿಮಾ ಮಾಡಿದವರು ಕವಿ, ನಾಟಕಕಾರ ಶೂಜಿ ತೆರಾಯಾಮಾ. ಸಂಗೀತ ಜೆ. ಎ. ಸೀಸರ್ ಅವರದು. ರೆಕಾರ್ಡ್ ತಂದದ್ದು ಸಿಬಿಎಸ್ ಸೋನಿ. ಸಿನಿಮಾ ಜಪಾನಿನಲ್ಲಿ ತೆರೆಕಂಡದ್ದು 1974ರ ಡಿಸೆಂಬರ್ ಕೊನೆಯಲ್ಲಿ. ಮರುವರ್ಷ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೂ ಹೋಗಿಬಂತು.

ಹೆಸರಿನ ಅರ್ಥ?

‘ದೆನ್’ ಅಂದರೆ ಗದ್ದೆ, ‘ಎನ್’ ಅಂದರೆ ತೋಟ. ನಾವು ‘ಗದ್ದೆ ತೋಟ’ ಎಂದು ಒಂದೇ ಉಸಿರಿನಲ್ಲಿ ಹೇಳುವ ಹಾಗೆ ಅವರು ‘ದೆನ್‌ಎನ್’ ಎನ್ನುತ್ತಾರೆ. ಹಳ್ಳಿಗಾಡು ಎಂಬ ಅರ್ಥ. ‘ನಿ ಶಿಸು’ ಎಂದರೆ ‘ಅಲ್ಲಿ ಸಾಯುವುದು’. ಗದ್ದೆ ತೋಟದ ನಡುವೆ ಸಾವು, ಅಷ್ಟೆ. ಹೊರದೇಶಗಳಲ್ಲಿ ಇದಕ್ಕೆ ಗೋಪಗೀತೆಯ ಸುಳಿವಿರುವ ನಾಜೂಕು ಹೆಸರೊಂದನ್ನು ಅಂಟಿಸಿದ್ದಾರೆ. ನನಗೇನೋ ಮೂಲದ ಒರಟುತನವೇ ಇಷ್ಟ.

ಈ ಹೆಸರು ಸಿನಿಮಾಕ್ಕಿಂತ ಹಳೆಯದು. 1965ರಲ್ಲಿ ತೆರಾಯಾಮಾ ಇದೇ ಹೆಸರಿನ ತಾಂಕಾ ಸಂಕಲನ ತಂದಿದ್ದರು. ತಾಂಕಾ ಎಂದರೆ 5, 7, 5, 7, 7 ಹೀಗೆ ಐದು ತುಂಡುಗಳಲ್ಲಿ ಮೂವತ್ತೊಂದಕ್ಕೆ ಮುಗಿಯುವ ಪದ್ಯ. ಅವರು ಎಣಿಸುವುದನ್ನು ಅಕ್ಷರ ಎಂದು ಹೇಳುವವರಿದ್ದಾರೆ. ನಿಜಕ್ಕೂ ಅದು ನಮ್ಮ ಮಾತ್ರೆಗೆ ಹತ್ತಿರ. ದೀರ್ಘಕ್ಕೆ ಎರಡು, ಕೊನೆಯ ‘ನ್’ಗೂ ಒಂದು. ದೆ, ನ್, ಎ, ನ್, ನಿ, ಶಿ, ಸು: ಬೆರಳು ಮಡಚಿ ನೋಡಿ, ಏಳು. ಹೆಸರೇ ತಾಂಕಾದ ಒಂದು ಸಾಲು. ಸಿನಿಮಾದೊಳಗೂ ಈ ಪದ್ಯಗಳು ತೆರೆಯ ಮೇಲೆ ಬರಹವಾಗಿ ಮೂಡುತ್ತವೆ, ದನಿಯಾಗಿ ಕೇಳುತ್ತವೆ.

ಈ ತೆರಾಯಾಮಾ ಯಾರು?

ಹುಟ್ಟಿದ್ದು 1935ರಲ್ಲಿ, ಹೊನ್ಶು ದ್ವೀಪದ ಬಡಗಣ ತುದಿಯ ಅಓಮೊರಿ ಪ್ರಾಂತದಲ್ಲಿ. ತಂದೆ ಪೊಲೀಸ್ ಇಲಾಖೆಯಲ್ಲಿದ್ದವರು. ಯುದ್ಧಕ್ಕೆ ಹೋಗಿ 1945ರಲ್ಲಿ ಈಗಿನ ಇಂಡೊನೇಷ್ಯಾದ ಸುಲವೇಸಿಯಲ್ಲಿ ತೀರಿಕೊಂಡರು. ಅದೇ ವರ್ಷ ಅಓಮೊರಿ ಊರು ಬಾಂಬಿಗೆ ಸುಟ್ಟುಹೋಯಿತು. ತಾಯಿ ಹಾತ್ಸು ಅಮೆರಿಕನ್ ಸೇನಾನೆಲೆಯಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ದುಡಿಮೆಗೆಂದು ದೂರದ ಕ್ಯೂಶೂಗೆ ಹೋದರು. ಹುಡುಗ ಬೆಳೆದದ್ದು ಸಿನಿಮಾ ಟಾಕೀಸು ನಡೆಸುತ್ತಿದ್ದ ನೆಂಟರ ಮನೆಯಲ್ಲಿ. 1954ರಲ್ಲಿ, ಹದಿನೆಂಟರ ಹರೆಯದಲ್ಲಿ, ತಾಂಕಾ ಪತ್ರಿಕೆಯೊಂದರ ಹೊಸ ಕವಿಗಳ ಬಹುಮಾನ ಬಂತು. ಅದರ ಹಿಂದೆಯೇ ಮೂತ್ರಪಿಂಡದ ಕಾಯಿಲೆ ಬಂದು ವರ್ಷಗಟ್ಟಲೆ ಆಸ್ಪತ್ರೆ ಸೇರಿದರು. 1967ರಲ್ಲಿ ‘ತೆನ್‌ಜೋ ಸಾಜಿಕಿ’ ಎಂಬ ನಾಟಕ ತಂಡ ಕಟ್ಟಿದರು. ನಾಟಕ ಮಂದಿರದಲ್ಲಿ ಚಾವಣಿಗೆ ಆತುಕೊಂಡ, ಅತಿ ಅಗ್ಗದ ಆಸನಗಳ ಸಾಲಿಗೆ ಜಪಾನೀ ಭಾಷೆಯಲ್ಲಿ ಹಾಗೆನ್ನುತ್ತಾರೆ. 1983ರಲ್ಲಿ ತೀರಿಕೊಂಡಾಗ ಅವರಿಗೆ 47 ವರ್ಷ.

ಇಲ್ಲಿಯವರೆಗೆ ದಾಖಲೆ ಇರುವ ಮಾತು. ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ಮಾತ್ರ ಉಪ್ಪು ಖಾರ ತೆಗೆದೇ ತಿನ್ನಬೇಕು. ಓಡುವ ರೈಲಿನಲ್ಲಿ ಹುಟ್ಟಿದೆ, ಆದ್ದರಿಂದ ನನ್ನ ಹುಟ್ಟೂರು ಯಾವುದೆಂದೇ ಗೊತ್ತಿಲ್ಲ ಎಂದು ಬರೆದರು. ಒಂದು ಪದ್ಯದಲ್ಲಿ ಹೊಸ ಬುತ್ಸುದಾನ್, ಅಂದರೆ ಮನೆಯೊಳಗಿನ ಬುದ್ಧನ ಗೂಡು, ಕೊಳ್ಳಲು ಹೋದ ತಮ್ಮ ಮರಳಿ ಬರುವುದೇ ಇಲ್ಲ. ತೆರಾಯಾಮಾಗೆ ತಮ್ಮನೇ ಇರಲಿಲ್ಲ, ಅವರು ಒಬ್ಬನೇ ಮಗ. ತಾಯಿ ಸತ್ತ ಹಾಗೆ ಎಷ್ಟೋ ಪದ್ಯ ಬರೆದರು. ಆ ತಾಯಿ ಮಗನ ಮಣ್ಣು ನೋಡಿ, ಅದಾದ ಮೇಲೂ 1991ರವರೆಗೆ ಬದುಕಿದರು.

ಇದನ್ನು ಸುಳ್ಳು ಎಂದು ಬದಿಗೆ ತಳ್ಳಿದರೆ ರೆಕಾರ್ಡೂ ಕೈತಪ್ಪುತ್ತದೆ. ನೆನಪು ಎಂಬುದು ನಮ್ಮ ಸ್ವಂತದ ಆಸ್ತಿ, ಅದನ್ನು ಬೇಕಾದ ಹಾಗೆ ತಿದ್ದಿಕೊಳ್ಳಬಹುದು ಎಂದು ನಂಬಿದ ಮನುಷ್ಯ ಅವರು. ತಿದ್ದಲು ಹೊರಟಾಗ ಕೈ ಎಲ್ಲಿ ನಡುಗುತ್ತದೆ ಎಂಬುದೇ ಸಿನಿಮಾ. ಆ ನಡುಕ ಕೇಳಿಸುವುದು ಸೀಸರ್ ಹಾಡುಗಳಲ್ಲಿ.

ಜೆ. ಎ. ಸೀಸರ್ ಜಪಾನಿನವರೇ?

ಅಪ್ಪಟ ಜಪಾನಿನವರು. ನಿಜ ಹೆಸರು ತಾಕಾಆಕಿ ತೆರಾಹಾರಾ, 1948ರಲ್ಲಿ ತೆಂಕಣದ ಮಿಯಾಜಾಕಿಯಲ್ಲಿ ಹುಟ್ಟಿದವರು. ಅರವತ್ತರ ದಶಕದ ಕೊನೆಗೆ ತೋಕ್ಯೋದ ಶಿಂಜುಕು ನಿಲ್ದಾಣದ ಸುತ್ತ ಉದ್ದ ಕೂದಲು ಬಿಟ್ಟು ಕೆಲಸವಿಲ್ಲದೆ ಅಲೆಯುತ್ತಿದ್ದ ಹುಡುಗರಿಗೆ ‘ಫೂತೆನ್’ ಎಂಬ ಹೆಸರಿತ್ತು. ಅವರಲ್ಲಿ ಒಬ್ಬರಾಗಿದ್ದ ಈತ ರೋಮಿನ ಸೀಸರ್ ಹೆಸರನ್ನು ಹೊದ್ದುಕೊಂಡು ತೆರಾಯಾಮಾ ತಂಡ ಸೇರಿದರು. ಬರಬರುತ್ತಾ ತಂಡದ ಸಂಗೀತವೇ ಅವರಾದರು.

ಕಿವಿಗೊಟ್ಟು ಕೇಳಿದರೆ ಅವರ ಪಟ್ಟು ಬೇಗ ತಿಳಿಯುತ್ತದೆ. ನಾಲ್ಕಾರು ಸ್ವರದ ಒಂದು ಎಳೆ. ಅದನ್ನು ಒಬ್ಬರು ಹಾಡುತ್ತಾರೆ, ಗುಂಪು ಹಿಡಿಯುತ್ತದೆ, ಡ್ರಮ್ ಸೇರುತ್ತದೆ, ಆರ್ಗನ್ ಸೇರುತ್ತದೆ. ಎಳೆ ಬದಲಾಗುವುದೇ ಇಲ್ಲ, ಅದರ ಭಾರ ಮಾತ್ರ ಏರುತ್ತದೆ. ಹಾಡುವವರಲ್ಲಿ ಹೆಚ್ಚಿನವರು ನಟನಟಿಯರು, ತರಬೇತಾದ ಗಾಯಕರಲ್ಲ. ಶ್ರುತಿ ಕೂದಲೆಳೆಯಷ್ಟು ಆಚೀಚೆ ಆಗುವುದು ಅದಕ್ಕೇ. ನೂರು ಜನ ಸೇರಿದ ಜಾಗದಲ್ಲಿ ಹಾಡು ಹೇಗಿರುತ್ತದೋ ಹಾಗಿದೆ. ಅದನ್ನು ಸರಿಪಡಿಸಿದ್ದರೆ ಈ ರೆಕಾರ್ಡ್ ಸತ್ತೇಹೋಗುತ್ತಿತ್ತು.

ಸಿನಿಮಾದ ಕಥೆ ಹೇಳಿ.

ಒಸೊರೆಜಾನ್ ಬೆಟ್ಟದ ಬುಡದ ಹಳ್ಳಿ. ತಂದೆ ಇಲ್ಲದ ಹದಿಹರೆಯದ ಹುಡುಗ, ಅವನನ್ನು ಸೆರಗಿನಿಂದ ಬಿಡದ ತಾಯಿ. ಅವನ ಮುಖಕ್ಕೆ ಬಿಳಿ ಬಣ್ಣ. ಮನೆಯ ಗೋಡೆ ಗಡಿಯಾರ ಕೆಟ್ಟು ಹೊತ್ತುಗೊತ್ತಿಲ್ಲದೆ ಬಡಿದುಕೊಳ್ಳುತ್ತಿರುತ್ತದೆ. ಹುಡುಗನಿಗೆ ಒಂದು ಕೈಗಡಿಯಾರ ಬೇಕು. ಹೊತ್ತು ಅನ್ನುವುದು ಮನೆಯೊಳಗೆ ಗೋಡೆಗೆ ಇರಬೇಕಾದ್ದು, ಹೊರಗೆ ಹೊತ್ತು ತಿರುಗುವಂಥದ್ದಲ್ಲ ಎಂಬುದು ತಾಯಿಯ ವಾದ. ಊರಿಗೆ ಸರ್ಕಸ್ ಬರುತ್ತದೆ. ಅದರಲ್ಲಿ ಪಂಪಿನಿಂದ ಗಾಳಿ ತುಂಬಿಸಿಕೊಂಡು ಉಬ್ಬುವ ಹೆಂಗಸೊಬ್ಬಳಿದ್ದಾಳೆ. ಪಕ್ಕದ ಮನೆಯ ಹೊಸ ಸೊಸೆಯ ಜೊತೆ ಓಡಿಹೋಗಬೇಕೆಂದು ಹುಡುಗ ಲೆಕ್ಕ ಹಾಕುತ್ತಾನೆ.

ಅರ್ಧ ದಾರಿಯಲ್ಲಿ ತೆರೆ ಕಪ್ಪಾಗಿ, ಇದೆಲ್ಲ ಒಬ್ಬ ನಡುವಯಸ್ಸಿನ ನಿರ್ದೇಶಕ ತನ್ನ ಬಾಲ್ಯದ ಬಗ್ಗೆ ತೆಗೆಯುತ್ತಿರುವ ಸಿನಿಮಾ ಎಂದು ಗೊತ್ತಾಗುತ್ತದೆ. ಅವನೇ ಒಪ್ಪಿಕೊಳ್ಳುತ್ತಾನೆ: ಚೆಂದಮಾಡಿ ತೋರಿಸಿದೆ, ನಡೆದದ್ದು ಹೀಗಲ್ಲ. ಗೆಳೆಯನೊಬ್ಬ ಅವನಿಗೆ ಒಂದು ಪ್ರಶ್ನೆ ಹಾಕುತ್ತಾನೆ. ಕಾಲಯಂತ್ರ ಹತ್ತಿ ಹಿಂದಕ್ಕೆ ಹೋಗಿ ನಿನ್ನ ಮುತ್ತಜ್ಜಿಯನ್ನು ಕೊಂದರೆ ಈಗ ನೀನು ಇರುತ್ತೀಯಾ? ನಿರ್ದೇಶಕ ತನ್ನ ಬಾಲ್ಯದೊಳಗೇ ಕಾಲಿಟ್ಟು ಆ ಹುಡುಗನನ್ನು ಎದುರಾಗುತ್ತಾನೆ. ತಾಯಿಯನ್ನು ಕೊಲ್ಲಬೇಕೆಂಬ ಮಾತಾಗುತ್ತದೆ.

ಕೊನೆಯ ದೃಶ್ಯ ಹೇಳಿಬಿಡುತ್ತೇನೆ, ಹೇಳಿದರೂ ಅದರ ಏಟು ಕಡಿಮೆಯಾಗುವಂಥದ್ದಲ್ಲ. ದೊಡ್ಡವನಾದ ಮಗ, ವಯಸ್ಸೇ ಆಗದ ತಾಯಿ, ತಗ್ಗು ಮೇಜಿನ ಎದುರುಬದುರು ಕೂತು ಊಟ ಮಾಡುತ್ತಿದ್ದಾರೆ. ತಟ್ಟನೆ ಹಿಂದಿನ ಗೋಡೆ ಹೊರಕ್ಕೆ ಬೀಳುತ್ತದೆ. ಆಚೆ ಶಿಂಜುಕುವಿನ ರಸ್ತೆ, ಕಾರು, ಫಲಕ, ತಿರುಗಿ ನೋಡಿಕೊಂಡು ಹೋಗುವ ಜನ. ಇಬ್ಬರೂ ಊಟ ಮುಂದುವರಿಸುತ್ತಾರೆ.

ಛಾಯಾಗ್ರಹಣ ತಾತ್ಸುಓ ಸುಜುಕಿ ಅವರದು, ಕಲಾ ನಿರ್ದೇಶನ ಕಿಯೋಶಿ ಅವಾಜು ಅವರದು. ಸರ್ಕಸ್ಸಿನ ದೃಶ್ಯಗಳಿಗೆ ಕಾಮನಬಿಲ್ಲಿನ ಬಣ್ಣ ಸೋಸಿದ್ದಾರೆ. ಹೊಳೆಯಲ್ಲಿ ಹೆಣ್ಣುಮಕ್ಕಳ ಹಬ್ಬದ ಬೊಂಬೆಗಳ ಮೆಟ್ಟಿಲು ಸಾಲು ಇಡಿಗಿಡೀ ತೇಲಿಬರುವ ಒಂದು ಚಿತ್ರವಿದೆ. ದಸರೆಗೆ ಬೊಂಬೆ ಕೂರಿಸುವ ಮನೆಯವರು ಅದನ್ನು ನೋಡಿ ಸುಮ್ಮನೆ ಕೂರುವುದು ಕಷ್ಟ.

ಒಸೊರೆಜಾನ್ ನಿಜವಾದ ಜಾಗವೇ? ಹಾಡುಗಳಿಗೂ ಅದಕ್ಕೂ ಏನು ಸಂಬಂಧ?

ನಿಜವಾದ ಜಾಗ. ಅಓಮೊರಿಯ ಶಿಮೊಕಿತಾ ಪರ್ಯಾಯದ್ವೀಪದಲ್ಲಿದೆ. ಹೆಸರಿನ ಅರ್ಥವೇ ‘ಭಯದ ಬೆಟ್ಟ’. ನೆಲದ ಬಿರುಕುಗಳಿಂದ ಗಂಧಕದ ಹೊಗೆ ಏಳುತ್ತಿರುತ್ತದೆ, ಬೂದಿಬಣ್ಣದ ಕಲ್ಲು, ಅದರಾಚೆ ನಂಬಲಾಗದಷ್ಟು ನೀಲಿಯಾದ ಉಸೊರಿ ಸರೋವರ. ಅಲ್ಲಿರುವ ಗುಡಿಯ ಹೆಸರು ಬೊದಾಇಜಿ. ‘ಬೊದಾಇ’ ನಮ್ಮ ‘ಬೋಧಿ’ಯೇ, ಚೀನಾ ದಾಟಿ ಹೋಗಿ ಹಾಗಾಗಿದೆ. ಸತ್ತವರ ಆತ್ಮಗಳು ಸೇರುವ ಜಾಗ ಇದು ಎಂದು ನಂಬಿಕೆ. ಜುಲೈ 20ರಿಂದ 24ರವರೆಗಿನ ಜಾತ್ರೆಗೆ ಇತಾಕೊಗಳು ಬರುತ್ತಾರೆ. ಇತಾಕೊ ಎಂದರೆ ಸತ್ತವರನ್ನು ಮೈಮೇಲೆ ಬರಿಸಿಕೊಂಡು ಅವರ ಮಾತನ್ನು ತಮ್ಮ ಬಾಯಲ್ಲಿ ಆಡುವ ಹೆಂಗಸರು. ಹಿಂದಿನಿಂದಲೂ ಕುರುಡಿಯರೇ ಈ ಕಸುಬು ಹಿಡಿಯುತ್ತಿದ್ದರು. ಸಿನಿಮಾದ ಹುಡುಗ ಸತ್ತ ಅಪ್ಪನ ಜೊತೆ ಮಾತಾಡಲು ಇತಾಕೊ ಬಳಿಗೇ ಹೋಗುತ್ತಾನೆ.

ಬೆಟ್ಟದ ಮೇಲೆ ಎಲ್ಲಿ ನೋಡಿದರೂ ಪುಟ್ಟ ಕಲ್ಲಿನ ಗುಪ್ಪೆಗಳು, ಅವುಗಳ ನಡುವೆ ತಿರುಗುವ ಬಣ್ಣದ ಗಿರಗಿಟ್ಟಲೆಗಳು. ಇದರ ಹಿಂದೆ ಒಂದು ಕಥೆಯಿದೆ. ತಂದೆತಾಯಿಗಿಂತ ಮೊದಲೇ ಸತ್ತ ಮಕ್ಕಳು ‘ಸಾಇ ನೊ ಕವಾರಾ’ ಎಂಬ ಹೊಳೆದಂಡೆಯಲ್ಲಿ ಉಳಿದುಬಿಡುತ್ತಾರೆ. ಅಪ್ಪನಿಗೆಂದು ಒಂದು ಕಲ್ಲು, ಅಮ್ಮನಿಗೆಂದು ಇನ್ನೊಂದು, ಹೀಗೆ ಎಣಿಸುತ್ತಾ ಗೋಪುರ ಕಟ್ಟುತ್ತಾರೆ. ಸಂಜೆಗೆ ರಾಕ್ಷಸರು ಬಂದು ಒದ್ದು ಕೆಡವುತ್ತಾರೆ. ಕೊನೆಗೆ ಜಿಜೋ ಬಂದು ಮಕ್ಕಳನ್ನು ತನ್ನ ನಿಲುವಂಗಿಯೊಳಗೆ ಮರೆಮಾಡುತ್ತಾನೆ. ಈ ಜಿಜೋ ನಮ್ಮ ಕಡೆಯಿಂದ ಹೋದ ಕ್ಷಿತಿಗರ್ಭ ಬೋಧಿಸತ್ವ. ಈ ಕಥೆಯನ್ನು ಎಣಿಕೆಯ ಲಯದಲ್ಲಿ ಹಾಡುವ ಸ್ತೋತ್ರಕ್ಕೆ ‘ವಾಸಾನ್’ ಎನ್ನುತ್ತಾರೆ. ದೇಸಿ ಭಾಷೆಯ ಬೌದ್ಧ ಸ್ತುತಿ ಅದು. ಏಳು, ಐದು, ಏಳು, ಐದು ಎಂದು ಮಾತ್ರೆ ಬೀಳುತ್ತಾ ಹೋಗುತ್ತದೆ.

ಈಗ ರೆಕಾರ್ಡಿನ ‘ಕೊದೊಮೊ ಬೊಸಾತ್ಸು’ ಕೇಳಿ. ‘ಕೊದೊಮೊ’ ಎಂದರೆ ಮಗು, ‘ಬೊಸಾತ್ಸು’ ಎಂದರೆ ಬೋಧಿಸತ್ವ. ಸಿನಿಮಾ ಶುರುವಾಗುವುದು ಸ್ಮಶಾನದಲ್ಲಿ ಮಕ್ಕಳ ಕಣ್ಣಾಮುಚ್ಚಾಲೆಯಿಂದ. ಬಂದೇನಾ, ಇನ್ನೂ ಇಲ್ಲ, ಬಂದೇನಾ, ಇನ್ನೂ ಇಲ್ಲ. ಕಣ್ಣು ಮುಚ್ಚಿದ್ದ ಮಗು ಕಣ್ಣು ತೆರೆದಾಗ ಗೋರಿಗಲ್ಲುಗಳ ಹಿಂದಿನಿಂದ ಎದ್ದುಬರುವವರು ದೊಡ್ಡವರು. ಅಷ್ಟರಲ್ಲೇ ಬಾಲ್ಯ ಮುಗಿದುಹೋಗಿದೆ. ಎಣಿಸುವ ಆಟ, ಎಣಿಸುವ ಸ್ತೋತ್ರ, ಎಣಿಸುವ ಡ್ರಮ್ ಮೂರೂ ಒಂದೇ ಏಟಿಗೆ ಕೂರುವುದನ್ನು ಗಮನಿಸಿ. ‘ವಾಸಾನ್’ ಎಂಬ ಹೆಸರಿನ ಹಾಡೂ ಇದೇ ರೆಕಾರ್ಡಿನಲ್ಲಿದೆ.

‘ಸೈಕೆಡೆಲಿಕ್ ಫೋಕ್’ ಎಂದು ಮಾರುತ್ತಾರಲ್ಲ, ಸರಿಯೇ?

ಮಾರುವವರಿಗೆ ಯಾವುದೋ ಒಂದು ಗೂಡು ಬೇಕು, ಅದರಲ್ಲಿ ಇಟ್ಟಿದ್ದಾರೆ. ಎಲೆಕ್ಟ್ರಿಕ್ ಗಿಟಾರಿನ ಕರಕರ, ತೇಲುವ ಆರ್ಗನ್, ಅಮಲೇರಿಸುವ ಪುನರಾವರ್ತನೆ ಇರುವುದರಿಂದ ‘ಸೈಕೆಡೆಲಿಕ್’ ಎಂಬ ಪದ ಪೂರ್ತಿ ಸುಳ್ಳಲ್ಲ. ಹಳ್ಳಿ, ಹಾಡುಗಬ್ಬ, ಒಂಟಿ ದನಿ ಇರುವುದರಿಂದ ‘ಫೋಕ್’ ಕೂಡ ಹೊಂದುತ್ತದೆ. ಅದೇ ಕಾಲದ ಜಪಾನಿನಲ್ಲಿ ಗಿಟಾರು ಹಿಡಿದ ಫೋಕ್ ಗಾಯಕರ ದೊಡ್ಡ ಅಲೆಯೇ ಇತ್ತು, 1969ರಿಂದ 1971ರವರೆಗೆ ನಕಾತ್ಸುಗಾವಾದಲ್ಲಿ ಅವರ ಬಯಲು ಮೇಳಗಳೂ ನಡೆದವು.

ಆದರೆ ಆ ಗೂಡಿನ ಉಳಿದ ರೆಕಾರ್ಡುಗಳ ಹಾಗೆ ಇದು ಒಬ್ಬ ಕವಿಯ ಕೋಣೆಯ ಸಂಗೀತವಲ್ಲ. ಇದು ಬೇರೂರಿರುವುದು ರಂಗಭೂಮಿಯಲ್ಲಿ. ‘ಅಂಡರ್‌ಗ್ರೌಂಡ್’ ಎಂಬ ಪದವನ್ನು ಜಪಾನಿನವರು ಕತ್ತರಿಸಿ ‘ಅಂಗುರಾ’ ಮಾಡಿಕೊಂಡರು. ಅರವತ್ತರ ಕೊನೆಯ ಅಂಗುರಾ ನಾಟಕಗಳು ಪಶ್ಚಿಮದ ಮಾದರಿಯ ಬೈಠಕ್‌ಖಾನೆ ನಾಟಕದ ಮೇಲೆ ಮುನಿದುಕೊಂಡು ಜಾತ್ರೆ, ಕುರುಡು ಹಾಡುಗಾರ್ತಿಯರು, ಸರ್ಕಸ್ಸು, ಸೆಕ್ಕ್ಯೋ ಎಂಬ ಹಳೆಯ ಬೌದ್ಧ ಹಾಡುಗತೆಗಳ ಕಡೆ ತಿರುಗಿದವು. ಸೀಸರ್ ಬರೆದದ್ದು ಆ ರಂಗಕ್ಕೆ. ರಂಗಗೀತೆಗಳನ್ನು ಕೇಳಿ ಬೆಳೆದವರಿಗೆ ಇದು ಒಗಟಾಗಿ ಕಾಣುವುದೇ ಇಲ್ಲ: ಮೇಳ ಹಿಡಿಯುವುದು, ಮಾತು ಹಾಡಾಗಿ ಜಾರುವುದು, ಹಾಡು ಕೂಗಾಗುವುದು, ಎಲ್ಲ ಗುರುತಿನದೇ. ಬರಿಯ ರಾಕ್ ಕೇಳಿದವರಿಗೇ ಇದು ವಿಚಿತ್ರ ಅನ್ನಿಸುವುದು.

ಒಂದು ಹಾಡಿಗೆ ಶಾಪ ಇದೆಯಂತೆ?

ಇದನ್ನು ಕೇಳದವರೇ ಇಲ್ಲ. ಹಾಡಿನ ಹೆಸರು ‘ಸೆಕಿಶುನ್‌ಚೋ’, ಕಳೆದುಹೋಗುವ ವಸಂತಕ್ಕೆ ಮರುಗುವ ಹಕ್ಕಿ. ಶಾಪದ ಕಥೆ ಅಂಟಿರುವುದು ಹಾಡಿಗಲ್ಲ, ಅದರ ಹಿಂದಿರುವ ಪದ್ಯಕ್ಕೆ. ಯಾಸೊ ಸಾಇಜೋ ಎಂಬ ಕವಿ 1919ರಲ್ಲಿ ತಂದ ಸಂಕಲನದಲ್ಲಿ ‘ತೊಮಿನೊನ ನರಕ’ ಎಂಬ ಪದ್ಯವಿದೆ. ಅಕ್ಕ ರಕ್ತ ಕಾರುತ್ತಾಳೆ, ತಂಗಿ ಬೆಂಕಿ ಕಾರುತ್ತಾಳೆ, ಮುದ್ದು ತೊಮಿನೊ ರತ್ನ ಕಾರಿ ಒಂಟಿಯಾಗಿ ನರಕಕ್ಕೆ ಇಳಿದುಹೋಗುತ್ತದೆ. ಇದನ್ನು ದನಿಯೆತ್ತಿ ಓದಿದವರು ಸಾಯುತ್ತಾರೆ ಎಂಬ ಪುಕಾರು ಈ ಶತಮಾನದಲ್ಲಿ ಇಂಟರ್ನೆಟ್ಟಿನಲ್ಲಿ ಹಬ್ಬಿತು. ತೆರಾಯಾಮಾ ಸತ್ತದ್ದೂ ಅದಕ್ಕೇ ಎಂದು ಸೇರಿಸಿದರು.

ಲೆಕ್ಕ ನೋಡೋಣ. ತೆರಾಯಾಮಾ ತೀರಿಕೊಂಡದ್ದು ಸಿನಿಮಾ ಬಂದು ಎಂಟು ವರ್ಷ ದಾಟಿದ ಮೇಲೆ, ಯಕೃತ್ತಿನ ಕಾಯಿಲೆ ವಿಕೋಪಕ್ಕೆ ಹೋಗಿ. ಪದ್ಯ ಬರೆದ ಸಾಇಜೋ ಆಮೇಲೆ ಅರ್ಧ ಶತಮಾನ ಬದುಕಿ, ಮಕ್ಕಳ ಹಾಡು, ಸಿನಿಮಾ ಹಾಡು, ಊರೂರಿನ ಕುಣಿತದ ಹಾಡು ಬರೆದು 1970ರಲ್ಲಿ ಹೋದರು. ಬೇಸಗೆಯ ಹಬ್ಬದಲ್ಲಿ ಜನ ಈಗಲೂ ಕುಣಿಯುವ ‘ತೋಕ್ಯೋ ಓಂದೊ’ದ ಸಾಹಿತ್ಯ ಅವರದೇ. ಹಾಡಿಗೆ ಸಂಗೀತ ಹಾಕಿದ ಸೀಸರ್ ದಶಕಗಟ್ಟಲೆ ರಂಗದ ಮೇಲೆ ಕೆಲಸ ಮಾಡಿದ್ದಾರೆ.

ಶಾಪಕ್ಕಿಂತ ರುಚಿಯಾದ ಸಂಗತಿ ಬೇರೆ ಇದೆ. ತೆರಾಯಾಮಾ ಆ ಪದ್ಯದ ಅಕ್ಕ ತಂಗಿಯ ಸಾಲುಗಳನ್ನು ಎತ್ತಿಕೊಂಡು ತೊಮಿನೊನನ್ನು ಹೊರಗೆ ಹಾಕಿದರು. ನರಕದಲ್ಲಿ ಒಂಟಿಯಾಗಿ ಅಲೆಯುವ ಆ ಜಾಗಕ್ಕೆ, ಮನೆತನದ ನೋಂದಣಿ ಪತ್ರ ಕಳುವಾದ ಯಾರನ್ನೋ ತಂದು ನಿಲ್ಲಿಸಿದರು. ಜಪಾನಿನಲ್ಲಿ ಹುಟ್ಟು, ಸಾವು, ಮದುವೆ, ತಂದೆತಾಯಿ ಯಾರು ಎಂಬುದೆಲ್ಲ ‘ಕೊಸೆಕಿ’ ಎಂಬ ಆ ದಾಖಲೆಯಲ್ಲಿರುತ್ತದೆ. ಅದೇ ಕಳುವಾಯಿತು ಎಂದರೆ ನೀನು ಯಾರ ಮಗ ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇಲ್ಲ. ಓಡುವ ರೈಲಿನಲ್ಲಿ ಹುಟ್ಟಿದೆ ಎಂದ ಮನುಷ್ಯ ಸಿಕ್ಕಿಬೀಳುವುದು ಇಲ್ಲಿ. ರಾಗ ನೋಡಿದರೆ ಲಾಲಿಯಷ್ಟು ಮೆತ್ತಗಿದೆ. ಅರ್ಥ ತಿಳಿಯದೆ ಮಗುವಿಗೆ ಹಾಡಿ ಮಲಗಿಸಬಹುದು.

ಅರಚುವ ಗಂಡಸಿನ ದನಿ ಯಾರದು?

ಕಾನ್ ಮಿಕಾಮಿ. 1950ರಲ್ಲಿ ಅಓಮೊರಿಯಲ್ಲೇ ಹುಟ್ಟಿದ ಫೋಕ್ ಗಾಯಕ, ಸಿನಿಮಾದಲ್ಲೂ ಕಾಣಿಸಿಕೊಳ್ಳುತ್ತಾರೆ. ಆ ನಾಡಿನ ನುಡಿ ತೋಕ್ಯೋದವರಿಗೆ ಅರ್ಧ ತಿಳಿಯುವುದಿಲ್ಲ, ನಗುವವರೂ ಇದ್ದರು. ಮಿಕಾಮಿ ಅದನ್ನು ಮುಚ್ಚಿಡದೆ ಗಂಟಲಿನ ತಳದಿಂದ ಎತ್ತಿ ಎಸೆಯುತ್ತಾರೆ. ತೆರಾಯಾಮಾ ಕೂಡ ಊರಿನ ಉಚ್ಚಾರವನ್ನು ಕೊನೆಯವರೆಗೂ ಬಿಡಲಿಲ್ಲ. ಒಂದೇ ಮಣ್ಣಿನ ಇಬ್ಬರು ಒಂದೇ ಸಿನಿಮಾದಲ್ಲಿ ಸೇರಿದ್ದು ಕೇಳುವ ಕಿವಿಗೆ ಗೊತ್ತಾಗುತ್ತದೆ.

ಸ್ವತಂತ್ರ ಸಿನಿಮಾ ಎನ್ನುತ್ತೀರಿ, ರೆಕಾರ್ಡ್ ಮಾತ್ರ ದೊಡ್ಡ ಕಂಪನಿಯದು. ಅದು ಹೇಗೆ?

ಸಿನಿಮಾ ಬಂದದ್ದು ತೆರಾಯಾಮಾ ಅವರ ಸ್ವಂತ ಸಂಸ್ಥೆ ಮತ್ತು ಆರ್ಟ್ ಥಿಯೇಟರ್ ಗಿಲ್ಡ್ ಸೇರಿ. ಎ.ಟಿ.ಜಿ. ಎಂದೇ ಹೆಸರಾದ ಈ ಗಿಲ್ಡ್ 1961ರಲ್ಲಿ ಹೊರದೇಶದ ಕಲಾಚಿತ್ರಗಳನ್ನು ತೋರಿಸಲೆಂದು ಹುಟ್ಟಿತು. ಅರವತ್ತರ ಕೊನೆಗೆ ನಿರ್ಮಾಣಕ್ಕೂ ಇಳಿಯಿತು: ಒಂದು ಕೋಟಿ ಯೆನ್‌ನ ಬಜೆಟ್ಟು, ಅರ್ಧ ಗಿಲ್ಡಿನದು, ಅರ್ಧ ಸಿನಿಮಾ ಮಾಡುವವರದು. ಸ್ಟುಡಿಯೋಗಳ ಲೆಕ್ಕಕ್ಕೆ ಪುಡಿಗಾಸು. ಪ್ರತಿಫಲವಾಗಿ ಸಿಕ್ಕಿದ್ದು ಯಾರೂ ತಲೆಹಾಕದ ಸ್ವಾತಂತ್ರ್ಯ. ಇನ್ನು ಸಿಬಿಎಸ್ ಸೋನಿ ತೆರಾಯಾಮಾಗೆ ಹೊಸಬರೇನಲ್ಲ. 1969ರಲ್ಲಿ ಅವರದೇ ತಂಡದ ಹದಿಹರೆಯದ ಹುಡುಗಿ ಕಾರ್ಮೆನ್ ಮಾಕಿ ಹಾಡಿದ, ತಾಯಿಯಿಲ್ಲದ ಮಗುವಿನ ಕುರಿತ ತೆರಾಯಾಮಾ ಪದ್ಯ ಅದೇ ಕಂಪನಿಯಿಂದ ಬಂದು ಮನೆಮನೆಯ ಹಾಡಾಗಿತ್ತು. ತಾಯಿ, ಮತ್ತೆ ತಾಯಿ. ಬಿಟ್ಟೇನೆಂದರೂ ಬಿಡದ ವಸ್ತು.

ಯಾಕಿಷ್ಟು ದುಬಾರಿ? ಕೊಳ್ಳುವಾಗ ಏನು ನೋಡಬೇಕು?

ಎಪ್ಪತ್ತರ ದಶಕದಲ್ಲಿ ಕೊಂಡವರು ಸಿನಿಮಾ ನೋಡಿದವರು, ನಾಟಕ ನೋಡಿದವರು. ಹೊರದೇಶದವರ ಕಣ್ಣು ಬಿದ್ದದ್ದು ಬಹಳ ತಡವಾಗಿ. 2007ರಲ್ಲಿ ಬ್ರಿಟನ್ನಿನ ಸಂಗೀತಗಾರ ಜೂಲಿಯನ್ ಕೋಪ್ ಜಪಾನಿನ ಆ ಕಾಲದ ರಾಕ್ ಬಗ್ಗೆ ಪುಸ್ತಕ ತಂದು ಸೀಸರ್ ಅವರನ್ನು ಎತ್ತಿ ಹಿಡಿದ ಮೇಲೆ ಹುಡುಕುವವರು ಹೆಚ್ಚಾದರು. ಹಳೆಯ ಪ್ರತಿಗಳು ಅಷ್ಟೇ, ಕೈಗಳು ಹೆಚ್ಚು.

ಮೊದಲು ನೋಡಬೇಕಾದ್ದು ಓಬಿ. ಕಿಮೋನೊಗೆ ಸುತ್ತುವ ನಡುಪಟ್ಟಿಗೆ ಓಬಿ ಎನ್ನುತ್ತಾರೆ. ಜಪಾನಿನ ರೆಕಾರ್ಡುಗಳ ಜಾಕೆಟ್ಟಿನ ಎಡಬದಿಗೆ ಸುತ್ತಿಬರುವ ಕಾಗದದ ಪಟ್ಟಿಗೂ ಅದೇ ಹೆಸರು. ಅಂಗಡಿಯಿಂದ ಮನೆಗೆ ತಂದ ದಿನವೇ ಜನ ಅದನ್ನು ಕಿತ್ತೆಸೆಯುತ್ತಿದ್ದರು, ಹಾಗಾಗಿ ಉಳಿದ ಪಟ್ಟಿಗೇ ಈಗ ಬೆಲೆ. ಆಮೇಲೆ ಸಾಹಿತ್ಯದ ಹಾಳೆ ಒಳಗಿದೆಯೇ ನೋಡಿ. ಆಮೇಲೆ ರೆಕಾರ್ಡಿನ ನಡುವೆ, ಗೀರು ಮುಗಿದು ಲೇಬಲ್ ಶುರುವಾಗುವ ನುಣುಪು ಜಾಗದಲ್ಲಿ ಒತ್ತಿರುವ ಅಂಕಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮೋಸಹೋದೆ. ಅಂಗಡಿಯ ಹೆಸರು ಬೇಡ. ಜಾಕೆಟ್ಟು ಗಟ್ಟಿ, ಬಣ್ಣ ಸರಿ, ಬೆಲೆಯೂ ‘ಅಸಲಿ’ಯದೇ. ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಚೀನೀ ಲಿಪಿಯಿಂದ ಬಂದ ‘ಎನ್’ ಎಂಬ ಕಾಂಜಿ ಅಕ್ಷರಕ್ಕೆ ಸುತ್ತ ಚೌಕಟ್ಟು ಇರುತ್ತದೆ, ಅದರೊಳಗೆ ಸಣ್ಣ ಸಣ್ಣ ಗೆರೆಗಳ ಕುಸುರಿ. ನನ್ನ ಪ್ರತಿಯಲ್ಲಿ ಚಿಕ್ಕ ಅಕ್ಷರದಲ್ಲಿ ಅದು ಬಂದಲ್ಲೆಲ್ಲ ಚೌಕಟ್ಟಿನೊಳಗೆ ಮಸಿಯ ಉಂಡೆ. ಮುದ್ರಿತ ಜಾಕೆಟ್ಟಿನ ಫೋಟೊ ಹೊಡೆದು ಅದರಿಂದ ಮತ್ತೆ ಮುದ್ರಿಸಿದರೆ ಮಾತ್ರ ಹಾಗಾಗುವುದು. ಸೂಜಿ ಇಟ್ಟರೆ ಯಾರದೋ ಹಳೆಯ ರೆಕಾರ್ಡಿನ ಚಿಟಚಿಟ ಈ ಹೊಚ್ಚಹೊಸ ಪ್ರತಿಯೊಳಗೇ ಅಚ್ಚಾಗಿದೆ. ಎಷ್ಟು ಒರೆಸಿದರೂ ಹೋಗದ ಧೂಳು. ತೆರಾಯಾಮಾ ಕೇಳಿದ್ದರೆ ಖುಷಿಪಡುತ್ತಿದ್ದರೇನೋ, ನನಗಂತೂ ಎರಡು ದಿನ ಊಟ ಸೇರಲಿಲ್ಲ.

ಸಂಗೀತ ಕೇಳುವುದಷ್ಟೇ ಬೇಕಿದ್ದವರು ಅಧಿಕೃತ ಸೀಡಿ ಹುಡುಕಿ. ದನಿ ಚೊಕ್ಕಟ, ಜೇಬಿಗೂ ಕ್ಷೇಮ.

ಜಪಾನೀ ಬಾರದವರು ಏನು ಕೇಳಬೇಕು?

ವ್ಯಂಜನಗಳನ್ನು ಕೇಳಿ. ಗುಂಪು ಹಾಡುವಾಗ ಪ್ರತಿ ಮಾತ್ರೆಯನ್ನೂ ಸಮ ತೂಕದಲ್ಲಿ ಒತ್ತುತ್ತಾರೆ, ಮಗ್ಗಿ ಒಪ್ಪಿಸುವ ಹಾಗೆ. ‘ಹಾಹಾ’ ಎಂಬ ಪದ ಕಿವಿಗೆ ಬಿದ್ದರೆ ಅದು ನಗು ಅಲ್ಲ, ತಾಯಿ. ಅದೊಂದು ಗೊತ್ತಿದ್ದರೆ ಅರ್ಧ ಕೆಲಸ ಆಯಿತು.

ಮೊದಲು ಸಿನಿಮಾ ನೋಡಬೇಕೋ, ರೆಕಾರ್ಡ್ ಕೇಳಬೇಕೋ?

ರೆಕಾರ್ಡ್. ಸಿನಿಮಾ ನೋಡಿದ ಮೇಲೆ ಪ್ರತಿ ಹಾಡಿಗೂ ಆ ಬಿಳಿ ಮುಖ ಬಂದು ಕೂತುಬಿಡುತ್ತದೆ. ಅದಕ್ಕೆ ಮೊದಲು ಒಂದು ವಾರವಾದರೂ ನಿಮ್ಮದೇ ಊರು, ನಿಮ್ಮದೇ ಸ್ಮಶಾನ ಕಾಣಲಿ.

ಅನಿಮೆಯೊಂದರಲ್ಲಿ ಇಂಥದೇ ಹಾಡು ಕೇಳಿದ ನೆನಪು.

ಸರಿಯಾದ ನೆನಪೇ. 1997ರ ‘ಕ್ರಾಂತಿಕನ್ಯೆ ಉತೆನಾ’ 39 ಕಂತುಗಳ ಅನಿಮೆ, ಅಂದರೆ ಜಪಾನೀ ಕಾರ್ಟೂನ್, ಟಿವಿ ಸರಣಿ. ಅದರ ನಿರ್ದೇಶಕ ಕುನಿಹಿಕೊ ಇಕುಹಾರಾ ತೆರಾಯಾಮಾ ರಂಗದ ಅಭಿಮಾನಿ, ದ್ವಂದ್ವಯುದ್ಧದ ದೃಶ್ಯಗಳಿಗೆ ಸೀಸರ್ ಅವರನ್ನೇ ಹಿಡಿದರು. ನಾಯಕಿ ಸುರುಳಿ ಮೆಟ್ಟಿಲು ಹತ್ತುವಾಗ ಪ್ರತಿ ಸಲ ಬರುವ ಗುಂಪುಹಾಡು ಕೇಳಿದರೆ ‘ಕೊದೊಮೊ ಬೊಸಾತ್ಸು’ವಿನ ಒಡಹುಟ್ಟು ಎಂದು ತಕ್ಷಣ ಗೊತ್ತಾಗುತ್ತದೆ. ಸಂಜೆ ಹೊತ್ತು ಟಿವಿ ಮುಂದೆ ಕೂತ ಶಾಲಾಮಕ್ಕಳ ಕಿವಿಗೆ ಅಂಗುರಾ ಹೀಗೆ ಹೊಕ್ಕಿತು.

ಇದು ಹಿಡಿಸಿದರೆ ಮುಂದೇನು?

1972ರ ‘ಜಾಶೂಮೊನ್’: ನಾಟಕದ ಧ್ವನಿಮುದ್ರಣ, ಇದಕ್ಕಿಂತ ಒರಟು, ಕೆಲವು ಕಡೆ ಬರಿಯ ಗದ್ದಲ. 1973ರ ‘ಕೊಕ್ಕ್ಯೋ ಜುನ್‌ರೇಕಾ’ ಯಾತ್ರಿಕರ ಹಾಡುಗಳ ಧಾಟಿ. ಸೀಸರ್ ಒಬ್ಬರನ್ನೇ ಕೇಳಬೇಕಾದರೆ ಅದೇ ಮೇಲು. 1978ರ ‘ಶಿಂತೊಕುಮಾರು’ ಮಲತಾಯಿ ಮತ್ತು ಕುರುಡಾದ ಮಗನ ಹಳೆಯ ಸೆಕ್ಕ್ಯೋ ಕಥೆ. ತೆರಾಯಾಮಾ ತೀರಿಕೊಂಡ ವರ್ಷವೇ ಸೀಸರ್ ‘ಬಾನ್‌ಯೂ ಇನ್‌ರ್ಯೊಕು’, ಅಂದರೆ ಗುರುತ್ವಾಕರ್ಷಣೆ, ಎಂಬ ತಂಡ ಕಟ್ಟಿ ಆ ರಂಗವನ್ನು ಮುಂದುವರಿಸಿದರು. ಆದರೂ ಮೊದಲಿಗೆ ‘ದೆನ್‌ಎನ್’ ಸಾಕು. ಉಳಿದವುಗಳಲ್ಲಿ ಇಷ್ಟು ಉಸಿರಾಡಲು ಜಾಗವಿಲ್ಲ.

ಮನೆಯಲ್ಲಿ ಹಿರಿಯರಿದ್ದಾರೆ, ಹಾಕಬಹುದೇ?

ಹಾಕಬಹುದು. ನಮ್ಮಮ್ಮ ಅಡುಗೆಮನೆಯಿಂದ ಕೇಳಿದ ಮೊದಲ ಮಾತು: ‘ಯಾರ ಮನೇಲೋ ತಿಥಿ?’ ಆಮೇಲೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಮಕ್ಕಳ ದನಿ ಬಂದಾಗ ಸ್ವಲ್ಪ ತಲೆ ಓಲಾಡಿಸಿದರು. ಸೂಜಿ ಎದ್ದಿತು. ‘ಮುಗೀತಾ?’ ಅಂದರು. ಇನ್ನೊಂದು ಬದಿ ಇದೆ ಅಂದೆ. ‘ಹಾಗಾದ್ರೆ ತಡಿ, ಒಗ್ಗರಣೆ ಇಳಿಸಿ ಬರ್ತೀನಿ’ ಎಂದು ಒಳಗೆ ಹೋದರು.